ನೇವಿ ನೂಲಿನ ಮೇಲೆ ಬಿಳಿ ಪುಡಿ: 599 ಹೇಳಿದ್ದು, ಹೇಳದೇ ಬಿಟ್ಟಿದ್ದು

ಕಡು ನೇವಿ ಬಣ್ಣದ ಪಾಲಿಯೆಸ್ಟರ್ ನೂಲು. ಕೋನ್ ಮೇಲೆ ಬೆರಳು ಎಳೆದರೆ ತುದಿಗೆ ಬಿಳಿ ಪುಡಿ ಅಂಟುತ್ತಿತ್ತು. ವೈಂಡಿಂಗ್ ಮಷೀನಿನ ಗೈಡ್‌ಗಳ ಕೆಳಗೂ ಅದೇ ಪುಡಿ ಬಿದ್ದಿರುತ್ತಿತ್ತು. ನೂಲು ಹರಿಯುವುದು ಜಾಸ್ತಿಯಾಗಿ ಮಗ್ಗದವರು ಲಾಟ್ ವಾಪಸ್ ಕಳಿಸಿದ್ದರು. ದೊಡ್ಡಬಳ್ಳಾಪುರದ ಕಡೆಯ ಒಂದು ಡೈಯಿಂಗ್ ಯೂನಿಟ್‌ನಿಂದ ನಮ್ಮ ಲ್ಯಾಬಿಗೆ ಬಂದ ಕೇಸ್ ಇದು. ಯೂನಿಟ್ ಹೆಸರು ಇಲ್ಲಿ ಬೇಡ.

ಅವರ ಪ್ರಶ್ನೆ ಎರಡು. ಈ ಪುಡಿ ಏನು? ತಪ್ಪು ಯಾರದ್ದು, ನೂಲು ಮಾರಿದವರದ್ದಾ, ನಮ್ಮದಾ? ಮೊದಲನೆಯದಕ್ಕೆ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಒಂದೇ ಮಧ್ಯಾಹ್ನದಲ್ಲಿ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಕೊಡಲಿಲ್ಲ, ಆದರೆ ಕೊಟ್ಟ ಹಾಗೆ ಕಾಣುತ್ತಿತ್ತು. ಅಪಾಯ ಇದ್ದದ್ದು ಅಲ್ಲೇ. ಅದಕ್ಕೇ ಈ ಕೇಸನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮೊದಲು ಕೈಯಲ್ಲಿ ಆಗುವ ಪರೀಕ್ಷೆ

"ಸಾರ್, ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಅದರ ಉಪ್ಪೇ ಇರಬೇಕು" ಅಂದರು ಡೈಯಿಂಗ್ ಮಾಸ್ಟರ್. ಮಾಲೀಕರಿಗೆ ಅನುಮಾನ ನೂಲಿಗೆ ಹಚ್ಚಿರುವ ಎಣ್ಣೆಯ ಮೇಲೆ. ನೂಲು ತಯಾರಿಸುವಾಗ ಹಚ್ಚುವ ಸ್ಪಿನ್ ಫಿನಿಷ್ ಸರಿಯಾಗಿ ತೊಳೆದು ಹೋಗದೆ ಗಟ್ಟಿಯಾಗಿದೆ ಅಂತ ಅವರ ಲೆಕ್ಕ. ಇನ್ನೂ ಎರಡು ಸಾಧ್ಯತೆ ನಮ್ಮ ತಲೆಯಲ್ಲಿದ್ದವು. ಒಂದು, ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಬಣ್ಣ ಸರಿಯಾಗಿ ಬೆರೆಯದೆ ಉಳಿದದ್ದು. ಇನ್ನೊಂದು, ಪಾಲಿಯೆಸ್ಟರ್‌ನಿಂದಲೇ ಹೊರಬರುವ ಆಲಿಗೋಮರ್, ಅಂದರೆ ಅದೇ ಕೊಂಡಿಗಳ ಪುಟ್ಟ ತುಂಡುಗಳು.

ದೊಡ್ಡ ಮಷೀನ್ ಇದೆ ಅಂತ ಎಲ್ಲವನ್ನೂ ಸುಮ್ನೆ ಅದರೊಳಗೆ ಹಾಕುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಗೈಡ್ ಕೆಳಗಿನ ಪುಡಿ ಚೂರು ತೆಗೆದು ಆಸಿಡ್ ಹಾಕಿದರೆ ನೊರೆ ಬರಲಿಲ್ಲ. ಸುಟ್ಟರೆ ಬೂದಿ ಉಳಿಯಲಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಆಗಿದ್ದರೆ ಎರಡೂ ಕಾಣಬೇಕಿತ್ತು. ಅಸಿಟೋನ್‌ನಲ್ಲಿ ಅಲುಗಾಡಿಸಿದರೆ ತಿಳಿ ನೀಲಿ ಬಿಟ್ಟಿತು, ಆದರೆ ಪುಡಿಯ ಬಹುಪಾಲು ಬೆಳ್ಳಗೆ ತಳದಲ್ಲೇ ಕೂತಿತು. ಹಾಗಾಗಿ ಬಣ್ಣ ಬರೀ ಜೊತೆಗೆ ಬಂದ ನೆಂಟ, ಮನೆಯವನಲ್ಲ. ಕ್ಲೋರೋಫಾರ್ಮ್‌ನಲ್ಲಿ ಚೂರು ಬೆಚ್ಚಗೆ ಮಾಡಿದಾಗ ಪುಡಿ ಕರಗಿತು, ಒಂದಿಷ್ಟು ಎಳೆಯ ಚೂರು ಮಾತ್ರ ಹಾಗೇ ತೇಲಿದವು. ಇದು ಒಳ್ಳೆಯ ಸುಳಿವು. ಪಾಲಿಯೆಸ್ಟರ್ ನೂಲು ಕ್ಲೋರೋಫಾರ್ಮ್‌ಗೆ ಬಗ್ಗುವುದಿಲ್ಲ. ಅದರ ಪುಟ್ಟ ಪುಟ್ಟ ತುಂಡುಗಳು ಬಗ್ಗುತ್ತವೆ.

ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ ಎಸ್ಟರ್‌ನ, ಅಂದರೆ ಪಾಲಿಯೆಸ್ಟರ್ ಕೊಂಡಿಗಳನ್ನು ಬೆಸೆಯುವ ಜೋಡಣೆಯ, ಗುರುತು ಸ್ಪಷ್ಟವಾಗಿ ಬಂತು. ಆದರೆ ಅದರಿಂದ ವಿಷಯ ಮುಂದೆ ಹೋಗಲಿಲ್ಲ. ಸವೆದ ನೂಲಿನ ಹೊಟ್ಟೂ ಎಸ್ಟರೇ, ಆಲಿಗೋಮರೂ ಎಸ್ಟರೇ. ಎರಡರ ನಡುವೆ ಖಚಿತವಾಗಿ ಹೇಳಬೇಕಾದರೆ ಅಣುವಿನ ತೂಕ ಬೇಕು.

ತಟ್ಟೆಯ ಮೇಲೆ ಒಂದು ಹನಿ

ನಾವು ಬಳಸಿದ್ದು ಮಾಲ್ಡಿ-ಟಾಫ್. ಮಾದರಿಯನ್ನು ಮ್ಯಾಟ್ರಿಕ್ಸ್ ಅನ್ನುವ ಸಣ್ಣ ಸಾವಯವ ಪದಾರ್ಥದ ಜೊತೆ ಬೆರೆಸಿ, ಸ್ಟೀಲ್ ತಟ್ಟೆಯ ಮೇಲೆ ಒಣಗಿಸಿ, ಲೇಸರ್ ಹೊಡೆಯುವುದು. ಮ್ಯಾಟ್ರಿಕ್ಸ್ ಬೆಳಕು ಹೀರಿಕೊಂಡು ಆವಿಯಾಗುತ್ತದೆ, ಜೊತೆಗೆ ನಮ್ಮ ಅಣುವನ್ನೂ ಎತ್ತಿಕೊಂಡು ಹೋಗುತ್ತದೆ. ವಿದ್ಯುದಂಶ ಸಿಕ್ಕ ಅಣುಗಳು ನಿರ್ವಾತದ ಕೊಳವೆಯಲ್ಲಿ ಓಡುತ್ತವೆ. ಹಗುರವಾದದ್ದು ಮೊದಲು ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ಓಟದ ಸಮಯದಿಂದ ತೂಕ ಲೆಕ್ಕ ಹಾಕುತ್ತೇವೆ.

ಈ ತಂತ್ರದ ಕಥೆ ಹೇಳುವಾಗ ಎಲ್ಲರೂ ಪ್ರೋಟೀನ್ ಹೆಸರೇ ಹೇಳುತ್ತಾರೆ. ಆದರೆ ದೊಡ್ಡ ಅಣುಗಳನ್ನು ಮುರಿಯದೆ ಹಾರಿಸುವ ಪ್ರಯತ್ನದಲ್ಲಿ ಪ್ಲಾಸ್ಟಿಕ್ ಬಳಗವೂ ಮೊದಲಿನಿಂದ ಇತ್ತು. ಅಮೆರಿಕದ ಮಾಲ್ಕಮ್ ಡೋಲ್ 1968ರಲ್ಲೇ ಪಾಲಿಸ್ಟೈರೀನ್ ದ್ರಾವಣವನ್ನು ವಿದ್ಯುತ್ ಸಿಂಪಡಣೆಯಿಂದ ಗಾಳಿಗೆ ಎತ್ತಲು ನೋಡಿದ್ದರು. ಕ್ಯೋಟೋದ ಶಿಮಾಡ್ಜು ಕಂಪನಿಯ ಕೊಯಿಚಿ ತನಾಕಾ 1988ರಲ್ಲಿ ಪ್ರಕಟಿಸಿದ ಲೇಸರ್ ಫಲಿತಾಂಶಗಳಲ್ಲಿ ಪ್ರೋಟೀನ್‌ಗಳ ಪಕ್ಕದಲ್ಲೇ ಪಾಲಿಎಥಿಲೀನ್ ಗ್ಲೈಕಾಲ್ ಕೂಡ ಇತ್ತು. 2002ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ನಮ್ಮ ತಯಾರಿ ಸರಳ. ಕ್ಲೋರೋಫಾರ್ಮ್‌ನಲ್ಲಿ ಕರಗಿದ ಪುಡಿ, ಮ್ಯಾಟ್ರಿಕ್ಸ್ ಆಗಿ ಡಿಥ್ರನಾಲ್, ಜೊತೆಗೆ ಚಿಟಿಕೆ ಸೋಡಿಯಂ ಟ್ರೈಫ್ಲೋರೋಅಸಿಟೇಟ್. ಸೋಡಿಯಂ ಯಾಕೆ ಅಂದರೆ, ಪಾಲಿಯೆಸ್ಟರ್ ಅಣು ತಾನಾಗಿ ವಿದ್ಯುದಂಶ ಹೊರುವುದರಲ್ಲಿ ಸೋಮಾರಿ. ಸೋಡಿಯಂ ಅಂಟಿಕೊಂಡರೆ ಹಾರುತ್ತದೆ. ಅದರ ಆಕ್ಸಿಜನ್‌ಗಳಿಗೆ ಸೋಡಿಯಂ ಚೆನ್ನಾಗಿ ಹೊಂದುತ್ತದೆ. ಪಾಲಿಸ್ಟೈರೀನ್ ಆಗಿದ್ದರೆ ಬೆಳ್ಳಿಯ ಉಪ್ಪು ಹಾಕಬೇಕಿತ್ತು.

ತೂಕದ ಅಳತೆ ಸರಿಹೊಂದಿಸಲು ಪಾಲಿಎಥಿಲೀನ್ ಗ್ಲೈಕಾಲ್ ಬಳಸಿದೆವು. ಪಕ್ಕದ ಗುಂಡಿಯಲ್ಲಿ ಪುಡಿ ಇಲ್ಲದೆ ಬರೀ ಕ್ಲೋರೋಫಾರ್ಮ್, ಮ್ಯಾಟ್ರಿಕ್ಸ್, ಉಪ್ಪು. ಈ ಖಾಲಿ ಗುಂಡಿಯನ್ನು ಬಿಟ್ಟು ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ. ಪಾಲಿಮರ್ ಹುಡುಕುವ ಲ್ಯಾಬಿನಲ್ಲಿ ಸೋಪು, ಪ್ಲಾಸ್ಟಿಕ್ ತುದಿ, ಕೈಗೆ ಹಚ್ಚುವ ಕ್ರೀಮು ಎಲ್ಲವೂ ತಮ್ಮ ತಮ್ಮ ಪಾಲಿಮರ್ ಸೇರಿಸುತ್ತವೆ.

ಅಂತರ ಮತ್ತು ಉಳಿಕೆ

ಪರದೆಯ ಮೇಲೆ ಮೂರು ಪೀಕ್, ಅಂದರೆ ಒಂದೊಂದು ತೂಕದ ಅಣುವನ್ನು ತೋರಿಸುವ ಮೊನೆಗಳು, ಎದ್ದು ಕಂಡವು. 599.12, 791.16, 983.20. ಮೊದಲನೆಯದು ಎಲ್ಲಕ್ಕಿಂತ ಎತ್ತರ, ಉಳಿದೆರಡು ತುಂಬಾ ಗಿಡ್ಡ. ಖಾಲಿ ಗುಂಡಿಯಲ್ಲಿ ಈ ಮೂರೂ ಇರಲಿಲ್ಲ.

ಪಾಲಿಮರ್ ಅಂದರೆ ಒಂದೇ ಥರದ ಕೊಂಡಿಗಳ ಸರಪಳಿ. ಅದರ ಸ್ಪೆಕ್ಟ್ರಮ್, ಅಂದರೆ ಈ ಪೀಕ್‌ಗಳ ಸಾಲು, ಓದುವ ಕ್ರಮ ಇಷ್ಟೇ. ಪೀಕ್‌ಗಳ ನಡುವಿನ ಅಂತರ ನೋಡಿ, ಅದು ಸರಪಳಿಯ ಕೊಂಡಿಯ ತೂಕ. ಆಮೇಲೆ ಪೀಕ್‌ನಿಂದ ಅಂಟಿದ ಸೋಡಿಯಂ ಕಳೆಯಿರಿ, ಕೊಂಡಿಗಳನ್ನು ಕಳೆಯಿರಿ. ಉಳಿದದ್ದು ಸರಪಳಿಯ ಎರಡು ತುದಿಗಳ ತೂಕ.

ಇಲ್ಲಿ ಅಂತರ 192.04. ಪಾಲಿಯೆಸ್ಟರ್, ಅಂದರೆ ಪೆಟ್, ಅದರ ಒಂದು ಕೊಂಡಿಯಲ್ಲಿ 10 ಕಾರ್ಬನ್, 8 ಹೈಡ್ರೋಜನ್, 4 ಆಕ್ಸಿಜನ್. ತೂಕ 192.042. ಸಿಲಿಕೋನ್ ಎಣ್ಣೆ ಆಗಿದ್ದರೆ ಅಂತರ 74.02 ಬರಬೇಕಿತ್ತು. ಸ್ಪಿನ್ ಫಿನಿಷ್‌ನಲ್ಲಿರುವ ಸೋಪಿನಂಥ ಪದಾರ್ಥ ಎಥಾಕ್ಸಿಲೇಟ್ ಆಗಿದ್ದರೆ 44.03.

ಈಗ ಉಳಿಕೆ. 599.116ರಿಂದ ಸೋಡಿಯಂನ 22.989 ಕಳೆದರೆ 576.127. ಮೂರು ಕೊಂಡಿಯ ತೂಕ ಕೂಡ 576.127. ಉಳಿಕೆ ಸೊನ್ನೆ! ತುದಿಯೇ ಇಲ್ಲ. ತುದಿಯಿಲ್ಲದ ಸರಪಳಿ ಅಂದರೆ ಉಂಗುರ. ನೇರ ಸರಪಳಿ ಆಗಿದ್ದರೆ ಎರಡು ತುದಿ ಸೇರಿ ಒಂದು ನೀರಿನಷ್ಟು, ಅಂದರೆ 18.01 ಜಾಸ್ತಿ ಇದ್ದು ಪೀಕ್ 617.13ರಲ್ಲಿ ನಿಲ್ಲಬೇಕಿತ್ತು. ಎರಡೂ ತುದಿಯಲ್ಲಿ ಗ್ಲೈಕಾಲ್ ಇದ್ದರೆ 661.15. ಪುಡಿಯಲ್ಲಿ ಇವೆರಡೂ ಹೇಳಿಕೊಳ್ಳುವ ಮಟ್ಟಿಗೆ ಇರಲಿಲ್ಲ.

ಪಕ್ಕದ ಐಸೋಟೋಪ್ ಪೀಕ್ ಕೂಡ ಇದಕ್ಕೆ ಸಾಕ್ಷಿ ಹೇಳಿತು. 599ರ ಪಕ್ಕದ 600 ಅದರ ಮೂರನೇ ಒಂದರಷ್ಟು ಎತ್ತರ ಇತ್ತು. ಕಾರ್ಬನ್‌ನಲ್ಲಿ ನೂರಕ್ಕೆ ಸುಮಾರು 1.1 ಭಾಗ ತೂಕ ಒಂದು ಜಾಸ್ತಿಯಿರುವ ಕಾರ್ಬನ್-13 ಇರುವುದರಿಂದ 30 ಕಾರ್ಬನ್‌ನ ಅಣುವಿಗೆ ಹೀಗೇ ಕಾಣಬೇಕು. ಮೂರು ಕೊಂಡಿಗೆ 30 ಕಾರ್ಬನ್. ಸರಿಹೋಯಿತು.

ಎರಡು ಕಡೆ ಎಡವುವ ಸಾಧ್ಯತೆ ಇತ್ತು. ಮೊದಲನೆಯದು 615.09ರ ಸಣ್ಣ ಪೀಕ್. 599ಕ್ಕಿಂತ 16 ಜಾಸ್ತಿ. ನೋಡಿದ ಕೂಡಲೇ "ಆಕ್ಸಿಜನ್ ಸೇರಿದೆ, ನೂಲು ಸುಟ್ಟಿದೆ" ಅನ್ನಬೇಕು ಅನಿಸುತ್ತದೆ ಅಲ್ವಾ? ಆದರೆ ಆಕ್ಸಿಜನ್ ಆದರೆ ವ್ಯತ್ಯಾಸ 15.995. ಸೋಡಿಯಂ ಜಾಗದಲ್ಲಿ ಪೊಟ್ಯಾಷಿಯಂ ಕೂತರೆ 15.974. ನಮ್ಮ ಅಳತೆ ಪೊಟ್ಯಾಷಿಯಂ ಕಡೆಗಿತ್ತು. ಆದರೂ ಎರಡನೇ ದಶಾಂಶದ ಮೇಲೆ ಜಗಳ ಗೆಲ್ಲುವುದು ಕಷ್ಟ. ಅದಕ್ಕೆ ಉಪ್ಪು ಬದಲಾಯಿಸಿದೆವು. ಲಿಥಿಯಂ ಉಪ್ಪು ಹಾಕಿದಾಗ ಮುಖ್ಯ ಪೀಕ್ 583.14ಕ್ಕೆ ಸರಿಯಿತು. ಪೊಟ್ಯಾಷಿಯಂ ಉಪ್ಪು ಹಾಕಿದಾಗ 615.09 ದೊಡ್ಡದಾಯಿತು, 599 ಕುಗ್ಗಿತು. ಅಣು ಒಂದೇ, ಜೊತೆಗಾರ ಬೇರೆ ಬೇರೆ. ಅನುಮಾನ ಬಂದಾಗ ಉಪ್ಪು ಬದಲಿಸಿ ನೋಡುವುದು ನನ್ನ ಪ್ರಕಾರ ಈ ಕೆಲಸದ ಅತಿ ಅಗ್ಗದ, ಅತಿ ಗಟ್ಟಿ ಪರೀಕ್ಷೆ.

ಎರಡನೆಯದು 643.14. 599ಕ್ಕಿಂತ ಸರಿಯಾಗಿ 44.03 ಜಾಸ್ತಿ. ಇದನ್ನು ನೋಡಿ ಮಾಲೀಕರ ಸ್ಪಿನ್ ಫಿನಿಷ್ ಸಿದ್ಧಾಂತಕ್ಕೆ ಜೀವ ಬಂದ ಹಾಗಾಯಿತು. ಆದರೆ ಎಥಾಕ್ಸಿಲೇಟ್ ಆಗಿದ್ದರೆ 44ರ ಮೆಟ್ಟಿಲು ಒಂದರ ಮೇಲೊಂದು ಏರುತ್ತಾ ಹೋಗಬೇಕು. ಇಲ್ಲಿ ಒಂದೇ ಮೆಟ್ಟಿಲು. ಅದೂ 791ರ ಮೇಲೆ ಮತ್ತೆ 835ರಲ್ಲಿ ಕಂಡಿತು. ಪೆಟ್ ತಯಾರಾಗುವಾಗ ಎರಡು ಗ್ಲೈಕಾಲ್ ಸೇರಿ ಒಂದಿಷ್ಟು ಡೈಎಥಿಲೀನ್ ಗ್ಲೈಕಾಲ್ ಆಗೇ ಆಗುತ್ತದೆ, ಅದು ಸರಪಳಿಯೊಳಗೆ ಸೇರಿಕೊಳ್ಳುತ್ತದೆ. ಉಂಗುರದಲ್ಲಿ ಅಂಥದ್ದು ಒಂದಿದ್ದರೆ ತೂಕ 44.03 ಏರುತ್ತದೆ. ಎಲ್ಲ ಪೆಟ್‌ನಲ್ಲೂ ಇರುವ ಮಾಮೂಲು ವಿಷಯ.

ಮಾಲೀಕರ ಸಮಾಧಾನಕ್ಕೆ ಬಣ್ಣ ಹಾಕದ ನೂಲನ್ನು ಮೆಥನಾಲ್‌ನಲ್ಲಿ ತೊಳೆದು ಆ ತೊಳೆದ ದ್ರವವನ್ನೂ ನೋಡಿದೆವು. ನಿಜವಾದ ಸ್ಪಿನ್ ಫಿನಿಷ್ ಅಲ್ಲಿ ಸಿಕ್ಕಿತು. 561.40, 605.42, 649.45, ಹೀಗೆ ಸಾಲು ಸಾಲು. 605.42ರಿಂದ ಸೋಡಿಯಂ ಕಳೆದು, 44.026ರ ಒಂಬತ್ತು ಕೊಂಡಿ ಕಳೆದರೆ ಉಳಿಯುವುದು 186.20, ಅಂದರೆ 12 ಕಾರ್ಬನ್‌ನ ಕೊಬ್ಬಿನ ಆಲ್ಕೋಹಾಲ್. ಬಣ್ಣ ಹಾಕಿದ ನೂಲಿನಲ್ಲಿ, ಪುಡಿಯಲ್ಲಿ ಇದರ ಸುಳಿವಿರಲಿಲ್ಲ. ಎಣ್ಣೆ ಚೆನ್ನಾಗಿಯೇ ತೊಳೆದು ಹೋಗಿತ್ತು.

ಹಾಗಾದರೆ ಪುಡಿ ಅಂದರೆ ಪೆಟ್‌ನ ಸೈಕ್ಲಿಕ್ ಟ್ರೈಮರ್, ಮೂರು ಕೊಂಡಿಯ ಉಂಗುರ. ಹೊಸ ವಿಷಯವೇನಲ್ಲ. 1950ರ ದಶಕದಿಂದಲೇ ಪಾಲಿಯೆಸ್ಟರ್‌ನವರಿಗೆ ಇದು ಗೊತ್ತು. ಪೆಟ್ ಸುಮಾರು 280 ಡಿಗ್ರಿಯಲ್ಲಿ ಕರಗಿದ ಸ್ಥಿತಿಯಲ್ಲಿ ಇರುವಾಗ ಸರಪಳಿಗಳು ಮುರಿಯುತ್ತಾ ಸೇರುತ್ತಾ ಇರುತ್ತವೆ, ಅದರಲ್ಲಿ ಒಂದಿಷ್ಟು ಉಂಗುರವಾಗಿ ಮುಚ್ಚಿಕೊಳ್ಳುತ್ತವೆ. ತೊಳೆದು ತೆಗೆದರೂ ಮತ್ತೆ ಕರಗಿಸಿದರೆ ಮತ್ತೆ ಹುಟ್ಟುತ್ತವೆ. ನೂಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಭಾಗ ಇಂಥ ಉಂಗುರಗಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ನೂಲು 255–260 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಈ ಉಂಗುರ ಕರಗಲು 310 ಡಿಗ್ರಿ ದಾಟಬೇಕು. ಒಳ್ಳೆಯ ಮೆಲ್ಟಿಂಗ್ ಪಾಯಿಂಟ್ ಉಪಕರಣ ಇದ್ದಿದ್ದರೆ ಪುಡಿಯ ಗುರುತು ಕೋಟಿ ಬೆಲೆಯ ಮಷೀನ್ ಇಲ್ಲದೆಯೂ ಅರ್ಧಕ್ಕಿಂತ ಜಾಸ್ತಿ ಸಿಗುತ್ತಿತ್ತು.

ಎರಡನೇ ಪ್ರಶ್ನೆ

ಮಾಲೀಕರ ಹತ್ತಿರ ಇನ್ನೊಬ್ಬ ಸರಬರಾಜುದಾರನ ನೂಲೂ ಇತ್ತು. "ಆ ನೂಲಿನಲ್ಲಿ ಪುಡಿ ಬರಲ್ಲ ಸಾರ್. ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಜಾಸ್ತಿ ಅಂತ ಒಂದು ರಿಪೋರ್ಟ್ ಕೊಡಿ ಸಾಕು" ಅಂದರು. ಆ ರಿಪೋರ್ಟ್ ಹಿಡಿದು ಮೊದಲನೆಯವನ ಬಿಲ್ಲಿನಲ್ಲಿ ಹಣ ಹಿಡಿಯುವ ಯೋಚನೆ.

ಎರಡೂ ನೂಲನ್ನು ಕ್ಲೋರೋಫಾರ್ಮ್‌ನಲ್ಲಿ ಕುದಿಸಿ ಸಾರ ತೆಗೆದು ತಟ್ಟೆಗೆ ಹಾಕಿದೆವು. ಎರಡರಲ್ಲೂ 599. ಬೈಸಿಕೊಂಡ ನೂಲಿನ ಪೀಕ್ ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು ಎತ್ತರ. ಇಲ್ಲಿಗೇ ನಿಲ್ಲಿಸಿ ಪ್ರಿಂಟ್ ತೆಗೆದುಕೊಟ್ಟಿದ್ದರೆ ಎಲ್ಲರಿಗೂ ಖುಷಿ. ಅದೇ ಹನಿಯ ಬೇರೆ ಜಾಗಕ್ಕೆ ಲೇಸರ್ ತಿರುಗಿಸಿದಾಗ ಲೆಕ್ಕ ಉಲ್ಟಾ ಆಯಿತು. ಒಣಗಿದ ಹನಿಯಲ್ಲಿ ಮ್ಯಾಟ್ರಿಕ್ಸ್, ಉಪ್ಪು, ಮಾದರಿ ಎಲ್ಲ ಕಡೆ ಸಮವಾಗಿ ಕೂತಿರುವುದಿಲ್ಲ. ಸಂತೆಯಲ್ಲಿ ಜೋರಾಗಿ ಕೂಗುವವನ ಅಂಗಡಿಯಲ್ಲಿ ಸರಕು ಜಾಸ್ತಿ ಇದೆ ಅಂತ ಹೇಳೋಕೆ ಆಗಲ್ಲ. ಮಾಲ್ಡಿಯ ಪೀಕ್ ಎತ್ತರವೂ ಅಷ್ಟೇ. ಒಳಗಡೆ ತೂಕ ಗೊತ್ತಿರುವ ಸೂಕ್ತ ಮಾನಕ ಬೆರೆಸದೆ ಪ್ರಮಾಣ ಹೇಳಲು ಅದನ್ನು ಬಳಸಬಾರದು.

"ಹಾಗಾದರೆ ನೂಲಿನ ಪಾಲಿಮರೇ ಕಳಪೆ ಇರಬಹುದು, ಅದರ ಸರಾಸರಿ ಅಣುತೂಕ ಹೇಳಿ" ಅನ್ನುವುದು ಮುಂದಿನ ಬೇಡಿಕೆ. ಇದಕ್ಕೂ ಬೇಡ ಅಂದೆ. ಪೆಟ್ ನೂಲಿನಲ್ಲಿ ಗಿಡ್ಡ ಸರಪಳಿಯಿಂದ ಉದ್ದದ ಸರಪಳಿಯವರೆಗೆ ಎಲ್ಲವೂ ಬೆರೆತಿರುತ್ತವೆ. ಇಂಥ ಮಿಶ್ರಣದಲ್ಲಿ ಗಿಡ್ಡ ಸರಪಳಿಗಳು ಸುಲಭವಾಗಿ ಹಾರುತ್ತವೆ, ಉದ್ದದವು ಡಿಟೆಕ್ಟರ್‌ನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಸರಾಸರಿ ಕೆಳಗೆ ಬೀಳುತ್ತದೆ. ತುಂಬಾ ಕಿರಿದಾದ ಹರವಿನ ಪಾಲಿಸ್ಟೈರೀನ್ ಮಾದರಿಯನ್ನೇ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಹಲವು ಲ್ಯಾಬ್‌ಗಳಿಗೆ ಹಂಚಿ 2001ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಲ್ಯಾಬ್‌ಗಳ ನಡುವೆ ಹೊಂದಾಣಿಕೆ ಚೆನ್ನಾಗಿತ್ತು, ಆದರೂ ಹಳೆಯ ವಿಧಾನಗಳಿಗಿಂತ ತೂಕ ಕಡಿಮೆಯೇ ಬಂದಿತ್ತು. ಇನ್ನು ನೂಲಿನ ಗತಿ ಕೇಳಬೇಡಿ. ನೂಲಿಗೆ ಸ್ನಿಗ್ಧತೆಯ ಪರೀಕ್ಷೆ ಸಾಕು. ಅದನ್ನು ಮಾಡಿಸಿದರು. ಎರಡೂ ನೂಲು ಬಟ್ಟೆ ದರ್ಜೆಯ ಮಾಮೂಲು ಮಟ್ಟದಲ್ಲೇ ಇದ್ದವು.

ಉಂಗುರದ ಪ್ರಮಾಣಕ್ಕೆ, ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಹಾಕಿದೆವು. ಬೆಂಜೀನ್ ಉಂಗುರ ಇರುವುದರಿಂದ ಅಲ್ಟ್ರಾವೈಲೆಟ್ ಡಿಟೆಕ್ಟರ್‌ನಲ್ಲಿ ಟ್ರೈಮರ್ ಚೆನ್ನಾಗಿ ಕಾಣುತ್ತದೆ. ಎರಡೂ ನೂಲಿನಲ್ಲಿ ವ್ಯತ್ಯಾಸ ಅಳತೆಯ ತಪ್ಪಿನೊಳಗೇ ಇತ್ತು. ಅಲ್ಲಿಗೆ ಸರಬರಾಜುದಾರನ ಮೇಲಿನ ಆರೋಪ ಬಿದ್ದುಹೋಯಿತು.

ಉತ್ತರ ಇದ್ದದ್ದು ಯೂನಿಟ್‌ನ ಟೆಂಪರೇಚರ್ ಚಾರ್ಟ್‌ನಲ್ಲಿ. "ಪುಡಿ ಬಾರದ" ನೂಲಿಗೆ ಹಾಕಿದ್ದು ತಿಳಿ ಗುಲಾಬಿ, ಕ್ರೀಮ್ ಬಣ್ಣಗಳು. 130 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಆಗುವ ಶೇಡ್. ಮೇಲಾಗಿ ಕ್ರೀಮ್ ನೂಲಿನ ಮೇಲೆ ಬಿಳಿ ಪುಡಿ ಯಾರ ಕಣ್ಣಿಗೆ ಬೀಳುತ್ತದೆ? ನೇವಿ ಲಾಟ್‌ಗೆ ಶೇಡ್ ಸರಿ ಬರಲಿಲ್ಲ ಅಂತ ಬಣ್ಣ ಮತ್ತೆ ಸೇರಿಸಿ ಮತ್ತೆ 130ಕ್ಕೆ ಏರಿಸಿದ್ದರು. ಅಷ್ಟು ಬಿಸಿಯಲ್ಲಿ ನೂಲಿನ ಒಳಗಿನ ಸರಪಳಿಗಳು ಸಡಿಲವಾಗುತ್ತವೆ. ಬಣ್ಣ ಒಳಗೆ ಹೋಗುವ ದಾರಿಯಲ್ಲೇ ಉಂಗುರಗಳು ಹೊರಗೆ ಬರುತ್ತವೆ. ಹಿಡಿದಷ್ಟೂ ಜಾಸ್ತಿ. ಕೊನೆಗೆ ಬಾತ್, ಅಂದರೆ ಬಣ್ಣದ ನೀರನ್ನು, ನಿಧಾನವಾಗಿ 70 ಡಿಗ್ರಿಗೆ ಇಳಿಸಿ ಆಮೇಲೆ ಡ್ರೇನ್ ಮಾಡುತ್ತಿದ್ದರು. ಟ್ರೈಮರ್ 130ರ ನೀರಿನಲ್ಲಿ ಒಂದಿಷ್ಟು ಕರಗಿರುತ್ತದೆ, ತಣ್ಣಗಾದರೆ ಹರಳಾಗಿ ನೂಲಿನ ಮೇಲೆ, ಮಷೀನಿನ ಗೋಡೆಯ ಮೇಲೆ ಕೂರುತ್ತದೆ.

ಮಾಸ್ಟರ್ ಅಷ್ಟರಲ್ಲಿ ತಮ್ಮದೇ ಔಷಧಿ ಮಾಡಿದ್ದರು. ನೂಲಿನ ಮೇಲ್ಮೈಯ ಬಣ್ಣ ತೆಗೆಯುವ ರಿಡಕ್ಷನ್ ಕ್ಲಿಯರಿಂಗ್ ಅನ್ನುವ ತೊಳೆತದಲ್ಲಿ ಕಾಸ್ಟಿಕ್ ಸೋಡಾ, ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಎರಡನ್ನೂ ಏರಿಸುತ್ತಾ ಹೋಗಿದ್ದರು. ಅದರ ನಂತರದ ಪುಡಿಯನ್ನೂ ನೋಡಿದೆವು. 599 ಹಾಗೇ ಇತ್ತು, 617.13 ಮಾತ್ರ ಒಂದು ಚೂರು ತಲೆ ಎತ್ತಿತ್ತು. ಅಂದರೆ ಕೆಲವೇ ಕೆಲವು ಉಂಗುರ ನೀರು ಸೇರಿ ಬಿಚ್ಚಿಕೊಂಡಿವೆ, ಉಳಿದವು ಹರಳಾಗಿ ಭದ್ರವಾಗಿ ಕೂತಿವೆ. 80 ಡಿಗ್ರಿಯ ಕಾಸ್ಟಿಕ್ ಮೇಲ್ಮೈಯ ಬಣ್ಣ ತೆಗೆಯುತ್ತದೆ, ಈ ಹರಳಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಾಸ್ಟಿಕ್ ಏರಿಸಿದಷ್ಟೂ ನೂಲೇ ಸವೆಯುತ್ತದೆ. ನೂಲು ಹರಿಯುವುದಕ್ಕೆ ಅದೂ ಒಂದು ಕಾರಣ ಇರಬಹುದು ಅಂತ ನನ್ನ ಅಂದಾಜು.

ಮಾಡಿದ ಬದಲಾವಣೆ

130ರಲ್ಲೇ ಡ್ರೇನ್ ಮಾಡುವುದು ಪುಸ್ತಕದ ಪರಿಹಾರ. ಆದರೆ ಅದು ಒತ್ತಡದಲ್ಲಿರುವ ನೀರು. ಹೊರಗೆ ಬಿಟ್ಟ ಕೂಡಲೇ ಆವಿಯಾಗಿ ಸಿಡಿಯುತ್ತದೆ. ಅದಕ್ಕೆ ತಕ್ಕ ಪೈಪು, ಟ್ಯಾಂಕು ಇಲ್ಲದ ಮಷೀನಿನಲ್ಲಿ ಅದನ್ನು ಹೇಳುವುದೇ ತಪ್ಪು. ಇವರದ್ದರಲ್ಲಿ ಇರಲಿಲ್ಲ. ಹಾಗಾಗಿ ಸುತ್ತು ದಾರಿ ಹಿಡಿದರು. ನೇವಿ, ಕಪ್ಪು ಶೇಡ್‌ಗಳ ಲ್ಯಾಬ್ ಡಿಪ್, ಅಂದರೆ ಮೊದಲು ಸಣ್ಣ ಮಾದರಿಯಲ್ಲಿ ಶೇಡ್ ಹೊಂದಿಸಿ ನೋಡುವುದನ್ನು, ಬಿಗಿ ಮಾಡಿ, ಮತ್ತೆ ಮತ್ತೆ 130ಕ್ಕೆ ಏರಿಸುವುದನ್ನು ನಿಲ್ಲಿಸಿದರು. ಹೊರಬಂದ ಉಂಗುರವನ್ನು ನೀರಿನಲ್ಲೇ ತೇಲಿಸಿ ಹಿಡಿಯುವ ಡಿಸ್ಪರ್ಸಿಂಗ್ ಏಜೆಂಟ್ ಸೇರಿಸಿದರು. ಕಾಸ್ಟಿಕ್ ಮೊದಲಿನ ಮಟ್ಟಕ್ಕೆ ಇಳಿಯಿತು. ನೂಲಿಲ್ಲದ ಖಾಲಿ ಮಷೀನನ್ನು ಕಾಸ್ಟಿಕ್ ನೀರಿನಲ್ಲಿ 130 ಡಿಗ್ರಿಗೆ ಕುದಿಸಿ ತೊಳೆಯುವುದನ್ನು ನಿಯಮ ಮಾಡಿದರು. ಅಷ್ಟು ಬಿಸಿಗೆ ಹರಳೂ ಸೋಲುತ್ತದೆ. ಮೊದಲ ಸಲ ಹಾಗೆ ತೊಳೆದ ನೀರನ್ನು ತರಿಸಿಕೊಂಡು ಆಸಿಡ್ ಹನಿಸಿದೆವು. ಹಾಲಿನ ಹಾಗೆ ಬೆಳ್ಳಗಾಯಿತು. ಋಣ ವಿದ್ಯುದಂಶದ ಅಣುಗಳನ್ನು ನೋಡುವ ನೆಗೆಟಿವ್ ಮೋಡ್‌ನಲ್ಲಿ 165.02, ಅಂದರೆ ಪೆಟ್ ಉಂಗುರ ಒಡೆದಾಗ ಸಿಗುವ ಟೆರೆಫ್ಥಾಲಿಕ್ ಆಸಿಡ್. ಮಷೀನಿನ ಗೋಡೆಯಲ್ಲಿ ಎಷ್ಟು ಲಾಟ್‌ಗಳ ಉಂಗುರ ಕೂತಿತ್ತೋ!

ಪುಡಿ ಪೂರ್ತಿ ನಿಂತಿಲ್ಲ. ಕಡು ಶೇಡ್‌ಗಳಲ್ಲಿ ಗೈಡ್ ಒರೆಸುವ ಕೆಲಸ ಇನ್ನೂ ಇದೆ. ಆದರೆ ಮಗ್ಗದಿಂದ ಲಾಟ್ ವಾಪಸ್ ಬರುವುದು ನಿಂತಿದೆ.

ಮಾಲೀಕರು ಈಗ ಹೊಸ ಪ್ರಶ್ನೆ ತಂದಿದ್ದಾರೆ. ನೂಲು ಹೊಸ ಪಾಲಿಯೆಸ್ಟರ್ ಅಂತ ಬಿಲ್ಲಿನಲ್ಲಿದೆ, ಬಾಟಲಿ ಕರಗಿಸಿ ಮಾಡಿದ್ದಾ ಅಂತ ನಿಮ್ಮ ಮಷೀನ್ ಹೇಳುತ್ತಾ? ಬಾಟಲಿಯ ಪೆಟ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಐಸೋಫ್ಥಾಲಿಕ್ ಆಸಿಡ್ ಬೆರೆಸಿರುತ್ತಾರೆ. ಅದು ಟೆರೆಫ್ಥಾಲಿಕ್ ಆಸಿಡ್‌ನ ಐಸೋಮರ್. ಜೋಡಣೆ ಬೇರೆ, ತೂಕ ಒಂದೇ. ಅದು ಸೇರಿದ ಉಂಗುರವೂ 599.116ರಲ್ಲೇ ನಿಲ್ಲುತ್ತದೆ. ಬರೀ ತೂಕ ನೋಡುವ ನಮ್ಮ ಮಷೀನಿಗೆ ಎರಡೂ ಒಂದೇ. ನೂಲಿನ ಚೂರನ್ನು, ಅಣುವಿನೊಳಗಿನ ಜೋಡಣೆ ತೋರಿಸುವ ಎನ್‌ಎಂಆರ್ ಉಪಕರಣ ಇರುವ ಲ್ಯಾಬಿಗೆ ಕಳಿಸಿದ್ದೇವೆ.